ನೋವಾಗದ ಮಕ್ಕಳ ಡಾಕ್ಟರು

ಗಾವಡಗೆರೆಯಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ನಾನು ಕಾಲು ಮುರಿದುಕೊಂಡೆ. 'ಬಸ್ಸು ನಿಂತ ಮೇಲೆ ಇಳಿಯಿರಿ' ಎಂದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವರ್ಷವಿಡೀ ಪಾಠ ಹೇಳಿದ ಮೇಷ್ಟ್ರಮ್ಮನಿಗೆ ತಕ್ಕ ಶಾಸ್ತಿಯೇ ಆಯಿತು ಬಿಡಿ. ಎಪ್ಪತ್ತೆರಡನೇ ಇಸವಿ. ಹುಣಸೂರಿನಲ್ಲಿ ಡಾಕ್ಟರ್ ಚಲುವಯ್ಯನವರು ಹೊಸದಾಗಿ ತೆರೆದಿದ್ದ ಆಸ್ಪತ್ರೆಗೆ ನನ್ನನ್ನು ಹೊತ್ತು ತಂದರು. ಮೂಳೆ ಕೂರಿಸಲು ಅವರು ಕಾಲು ಮುಟ್ಟಿದ್ದೇ ತಡ, ನಾನು ಊರೆಲ್ಲ ಕೇಳುವಂತೆ ಕಿರುಚಿದೆ. ತಕ್ಷಣ ಪೆಥಿಡಿನ್ ಸೂಜಿ ಚುಚ್ಚಿದರು. ಅಫೀಮಿನ ಜಾತಿಯದೇ ಮದ್ದಂತೆ ಅದು. ಆ ಹೊತ್ತಿನಲ್ಲಿ ಯಾರಾದರೂ ಇನ್ನೊಂದು ಕಾಲನ್ನೂ ಮುರಿಯುತ್ತೇನೆ ಎಂದಿದ್ದರೆ ಸಂತೋಷವಾಗಿ ಹೂಂ ಎನ್ನುತ್ತಿದ್ದೆ.

"ದೊಡ್ಡವರ ನರ ಬಲಿತಿರುತ್ತೆ ಮೇಡಂ, ಅದಕ್ಕೇ ಮದ್ದು ಬೇಕು. ಎಳೆ ಕೂಸುಗಳಿಗೆ ಆ ರಗಳೆಯೇ ಇಲ್ಲ," ಎಂದರು ಡಾಕ್ಟರು, ಮರುದಿನ ನನ್ನ ಮಂಚದ ಪಕ್ಕ ನಿಂತು.

ಇದು ಅವರ ಸಿದ್ಧಾಂತ. ಮೂರು ತಿಂಗಳೊಳಗಿನ ಮಗುವಿಗೆ ನೋವು ಎಂಬುದೇ ತಿಳಿಯುವುದಿಲ್ಲವಂತೆ. ಹಾಗಾದರೆ ಚುಚ್ಚಿದರೆ ಯಾಕೆ ಅಳುತ್ತೆ ಎಂದು ಕೇಳಿದೆ. "ಬಾಗಿಲು ತಳ್ಳಿದರೆ ಕಿರುಗುಟ್ಟುತ್ತೆ. ಬಾಗಿಲಿಗೆ ನೋವಾಯ್ತು ಅಂತೀರಾ?" ಎಂದು ನಕ್ಕರು. ತಮ್ಮ ಮಾತಿಗೆ ತಾವೇ ಮೊದಲು ನಗುವ ಅಭ್ಯಾಸ ಅವರಿಗೆ. ನರ್ಸ್ ಸುನಂದಮ್ಮ ಮೆಲ್ಲಗೆ, "ಬೇಗ ಏರಿ ಬೇಗ ಇಳಿಯೋ ಹೊಸ ಮದ್ದು ಬಂದಿದೆಯಂತೆ ಸಾರ್, ಹೊರದೇಶದಲ್ಲಿ ಮಕ್ಕಳಿಗೂ..." ಎಂದಳು. "ನೋವೇ ಇಲ್ಲದವರಿಗೆ ಮದ್ದು ಯಾಕಮ್ಮ? ಕೊಟ್ಟು ಉಸಿರು ನಿಂತುಹೋದರೆ ನೀನು ಊದ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದರು. ಉಸಿರಿನ ಮಾತು ಸುಳ್ಳಲ್ಲ. ಆದರೆ ಹೆದರಿಕೆಗೆ ಸಿದ್ಧಾಂತದ ಕೋಟು ತೊಡಿಸಿದ್ದರು, ಅಷ್ಟೆ.

ಮೈಸೂರಿನ ಡಾಕ್ಟರುಗಳ ಸಭೆಯಲ್ಲಿ ಇದೇ ವಿಷಯದ ಮೇಲೆ ಅವರ ಭಾಷಣವಿತ್ತು. ಅದಕ್ಕೊಂದು ಮಗು ಬೇಕಾಗಿತ್ತು. ಸಾಕಮ್ಮನವರು ತಂದುಕೊಟ್ಟರು.

ವೀರನಹೊಸಹಳ್ಳಿಯ ಕಡೆ ಸಾಕಮ್ಮನವರದು ದೊಡ್ಡ ಹೊಗೆಸೊಪ್ಪಿನ ಬೇಸಾಯ. ಕಾಡಂಚಿನ ಗಿರಿಜನರ ಹಾಡಿಯ ಹೆಂಗಸರು ಬಂದು ಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಾರೆ. ಅವರ ಕೂಸುಗಳು ಹೊಂಗೆ ಮರದ ಕೆಳಗೆ ಸೀರೆ ಜೋಲಿಗಳಲ್ಲಿ ಸಾಲಾಗಿ ಮಲಗಿರುತ್ತವೆ. ಒಂದೂ ಕುಂಯ್ ಅನ್ನುವುದಿಲ್ಲ. "ನಮ್ಮ ಆಳುಗಳ ಮಕ್ಕಳು ಅಳೋದೇ ಇಲ್ಲ ಕಣ್ರೀ, ಅಂಥಾ ಒಳ್ಳೇ ಮಕ್ಳು," ಎಂದು ಸಾಕಮ್ಮನವರು ಬಂದವರಿಗೆಲ್ಲ ತೋರಿಸುತ್ತಾರೆ. ಒಳ್ಳೆಯತನದ ಗುಟ್ಟು ಅವರ ಸೊಂಟದ ಡಬ್ಬಿಯಲ್ಲಿದೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಒಬ್ಬೊಬ್ಬ ತಾಯಿಗೂ ಸಾಸಿವೆ ಕಾಳಷ್ಟು ಅಫೀಮು ಕೊಡುತ್ತಾರೆ, ಎದೆಹಾಲಿನಲ್ಲಿ ತೇದು ನೆಕ್ಕಿಸಲು. ಅವರ ಮೊಮ್ಮಗ ಮಾತ್ರ ಮನೆಯೊಳಗೆ ಹೊಟ್ಟೆ ತುಂಬ ಅಳುತ್ತಾನೆ. ಅವನ ನಾಲಿಗೆಗೆ ಯಾರೂ ಏನೂ ಸವರುವುದಿಲ್ಲ.

ಹಾಡಿಯ ನಿಂಗಿ ಎಂಬವಳ ಎರಡು ತಿಂಗಳ ಗಂಡು ಕೂಸಿಗೆ ತೊಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬಾವು ಎದ್ದಿತ್ತು. ಅಫೀಮು ಕೊಟ್ಟರೂ ಅಳು ನಿಲ್ಲದಾಯಿತು. ಉಳಿದ ಹೆಂಗಸರ ಕೈ ನಿಧಾನವಾಗುತ್ತಿತ್ತು. ಸಾಕಮ್ಮನವರ ಕರುಳು ಚುರುಕ್ ಎಂದಿತು, ತಾಯಿ ಮಗು ಇಬ್ಬರನ್ನೂ ಜೀಪಿನ ಹಿಂದೆ ಕೂರಿಸಿಕೊಂಡು ಬಂದರು. ಬಾವು ಆಳವಾಗಿದೆ, ಕುಯ್ಯಬೇಕು, ಪುಕ್ಕಟೆ ಮಾಡುತ್ತೇನೆ ಎಂದರು ಡಾಕ್ಟರು.

"ಕುಯ್ಯೋವಾಗ ಮತ್ತು ಬರೋ ಮದ್ದು ಕೊಡಾಕಿಲ್ವಾ ಬುದ್ಧಿ?" ಎಂದಳು ನಿಂಗಿ.

"ಬೇಕಿಲ್ಲ. ಇವನಿಗೆ ಏನೂ ಗೊತ್ತಾಗಲ್ಲ. ನಿಮ್ಮ ಜನ ಅಪೀಮು ಗಿಪೀಮು ತಿನ್ನಿಸ್ತೀರಂತಲ್ಲ, ಅದು ವಿಷ, ತಿಳೀತಾ?"

"ಎಷ್ಟು ಯೋಳಿದ್ರೂ ಕೇಳಾಕಿಲ್ಲ ಡಾಕ್ಟ್ರೇ, ಮುಠ್ಠಾಳ ಜನ," ಎಂದು ಸಾಕಮ್ಮನವರು ಸೆರಗು ಎಳೆದು ಸೊಂಟ ಮುಚ್ಚಿಕೊಂಡರು.

ನನ್ನ ಮಂಚ ಆಪರೇಷನ್ ಕೋಣೆಯ ಬಾಗಿಲಿಗೆ ಅಂಟಿಕೊಂಡೇ ಇತ್ತು. ಮಗುವಿನ ಕಿರುಚಾಟ ಕೇಳಬೇಕಲ್ಲ ಎಂದು ಕಿವಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಒಳಗೆ ಕತ್ತರಿಯ ಸದ್ದು, ತಟ್ಟೆಯ ಸದ್ದು. ಮಗುವಿನ ದನಿಯೇ ಇಲ್ಲ. ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಬಂದಾಗ ಅವರ ಮುಖ ನೋಡಬೇಕಿತ್ತು, ಮದುಮಗನ ಕಳೆ. "ನೋಡಿದಿರಾ ಮೇಡಂ? ಒಂದು ಇಂಚು ಆಳ ಕುಯ್ದೆ. ಅಲುಗಾಡಲಿಲ್ಲ!" ಬಾಗಿಲು ಕೂಡ ಕಿರುಗುಟ್ಟಲಿಲ್ಲವಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಏಕೆಂದರೆ ನನಗೂ ಒಂದು ಕ್ಷಣ ಅವರ ಮಾತೇ ನಿಜವೇನೋ ಎನಿಸಿಬಿಟ್ಟಿತ್ತು. ಆ ಭಾಷಣದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಆದಮೇಲೂ ಅವರು ಮೈಸೂರಿಗೆ ಹೋಗಿ ಈ ಮಗುವಿನ ಉದಾಹರಣೆ ಕೊಟ್ಟೇ ಭಾಷಣ ಮಾಡಿದರು. ಹಾರ ಹಾಕಿದರಂತೆ.

ನಿಂಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮಂಚದ ಪಕ್ಕ ನೆಲದಲ್ಲಿ ಕೂತಳು. ಊಟದ ಹೊತ್ತಾದರೂ ಮಗು ಏಳಲಿಲ್ಲ. ಎದೆಗೆ ಒತ್ತಿದರೆ ಬಾಯಿ ತೆರೆಯಲಿಲ್ಲ. ಬಗ್ಗಿ ನೋಡಿದೆ. ತುಟಿ ನೇರಳೆಯಾಗಿತ್ತು. ಒಂದು ಉಸಿರು ಎಳೆದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು.

"ಏನು ಕೊಟ್ಟೆ ನಿಂಗಿ?" ಎಂದೆ.

ಅವಳು ಸೆರಗಿನ ತುದಿಯ ಖಾಲಿ ಗಂಟು ತೋರಿಸಿದಳು. "ಬೆಳಗ್ಗೆ ಅಳು ನಿಲ್ಲಾಕಿಲ್ಲ ಅಂತ ಅಮ್ಮೋರು ಎಲ್ಡು ಕಾಳು ಕೊಟ್ಟಿದ್ರು, ಮಡಗಿದ್ದೆ ಮೇಡಮ್ಮ. ಕತ್ತಿ ಆಕ್ತಾರಲ್ಲ, ದಿನಾ ಕೊಡೋದು ಸಾಲಕಿಲ್ಲ ಅಂತ ಎಲ್ಡು ಪಟ್ಟು ತೇದು ಕುಡಿಸ್ಬುಟ್ಟೆ. ನನ್ ಮಗ ಓಯ್ತಾನಾ ಮೇಡಮ್ಮ?"

ನಾನು ಮತ್ತೊಮ್ಮೆ ಊರೆಲ್ಲ ಕೇಳುವಂತೆ ಕಿರುಚಿದೆ. ಡಾಕ್ಟರು ಬಂದರು, ಹಿಂದೆಯೇ ಸಾಕಮ್ಮನವರು. ನಿಂಗಿ ಮುಚ್ಚಿಡಲಿಲ್ಲ. "ಅಪೀಮು ಕುಡಿಸಿವ್ನಿ ಬುದ್ಧಿ, ಅದಕ್ಕೇ ಕುಯ್ದಾಗ ಅಳನಿಲ್ಲ. ಈಗ ಉಸ್ರು ನಿಲ್ತಾ ಅದೆ, ಏನಾರ ಮಾಡಿ."

ಡಾಕ್ಟರ ಮುಖ ಬಿಳಿಚಿತು. ಸಾಯುತ್ತಿರುವುದು ಮಗುವಲ್ಲ, ಭಾಷಣ ಎನ್ನುವ ಹಾಗೆ. "ಇವಳಿಗೆ ಅಪೀಮು ಎಲ್ಲಿ ಸಿಗುತ್ತೆ?" ಎಂದು ಸಾಕಮ್ಮನವರ ಕಡೆ ತಿರುಗಿದರು.

"ಅಯ್ಯೋ ಶಿವ್ನೇ, ನಾ ಅದ್ರ ಬಣ್ಣಾನೂ ಕಂಡಿಲ್ಲ. ಸುಳ್ಳೇಳ್ತಾಳೆ ಬುಡಿ."

"ಅದೇ ಅಂದುಕೊಂಡೆ. ಆಯಾಸಕ್ಕೆ ಮಲಗಿದೆ. ನೋವಿದ್ದಿದ್ದರೆ ಇಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತಾ?" ಎಂದರು ಡಾಕ್ಟರು.

ಆ ಘಳಿಗೆಯಲ್ಲಿ ಕಾಲಿಗೆ ಸಿಮೆಂಟಿನ ಪಟ್ಟು ಇಲ್ಲದಿದ್ದರೆ ಎದ್ದು ಇಬ್ಬರಿಗೂ ಬಾರಿಸುತ್ತಿದ್ದೆ. ಕೆಟ್ಟ ಕೋಪ ಬಂದಿತ್ತು. ನಿಂಗಿಗೆ ಕೋಪಕ್ಕೂ ಪುರುಸೊತ್ತಿರಲಿಲ್ಲ. ಜೋಲಿಯ ಕೂಸು ಮತ್ತಿನಲ್ಲಿ ತೀರಾ ಆಳಕ್ಕೆ ಇಳಿದಾಗ ಹೊಗೆಸೊಪ್ಪಿನ ಹೆಂಗಸರು ಮಾಡುವುದನ್ನೇ ಮಾಡಿದಳು. ಅಂಗಾಲಿಗೆ ಬೆರಳಿನಿಂದ ಫಟ್ಟನೆ ಹೊಡೆದಳು. ಕಿವಿಯ ತುದಿ ಹಿಡಿದು ಉಗುರು ಇಳಿಯುವಂತೆ ಚಿವುಟಿದಳು. ಮಗುವಿನ ಮೈ ಬೆಚ್ಚಿತು, ಎದೆ ತುಂಬ ಉಸಿರು ಎಳೆದು ಚಿಟ್ಟನೆ ಚೀರಿತು. ಮತ್ತೆ ತೂಕಡಿಸಿತು. ಮತ್ತೆ ಚಿವುಟಿದಳು. ಎಳೆ ಕಿವಿಯಲ್ಲಿ ರಕ್ತ ಒಸರಿತು. ಪ್ರತಿ ಚೀರಿಗೂ ತುಟಿಯ ನೇರಳೆ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು.

ಡಾಕ್ಟರಿಗೆ ನೋಡಲಾಗಲಿಲ್ಲ. ಎಷ್ಟಾದರೂ ಮನುಷ್ಯರೇ. ಅವಳ ಕೈ ಹಿಡಿಯಲು ಬಗ್ಗಿದರು.

"ಏ ಬಿಡೇ, ರಾಕ್ಷಸಿ! ಹಂಗೆ ಚಿವುಟಿದರೆ ಮಗುಗೆ ನೋವಾಗಲ್ವಾ?"

ಸುನಂದಮ್ಮ ಯಾರ ಅಪ್ಪಣೆಗೂ ಕಾಯದೆ ಆಕ್ಸಿಜನ್ ಸಿಲಿಂಡರನ್ನು ಗಡಗಡ ಉರುಳಿಸಿಕೊಂಡು ಬಂದಳು. ಸಂಜೆಯ ಹೊತ್ತಿಗೆ ಆ ಮಗು ಕಣ್ಣುಬಿಟ್ಟು ಹಾಲು ಕುಡಿದು, ಕುಯ್ದ ತೊಡೆಯ ಉರಿಗೆ ಇಡೀ ಆಸ್ಪತ್ರೆ ಒಡೆದುಹೋಗುವಂತೆ ಅತ್ತಿತು. ಆದರೆ ಡಾಕ್ಟರು ಆ ಮಾತು ಕೇಳಿದ ಹೊತ್ತಿನಲ್ಲಿ ಅದು ಬದುಕುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ನಿಂಗಿ ತಲೆಯೆತ್ತಿ ಡಾಕ್ಟರನ್ನೇ ನೋಡಿದಳು, ಕಿವಿ ಹಿಡಿದ ಬೆರಳು ಬಿಡಲಿಲ್ಲ.

"ಆಯ್ತದೆ ಬುದ್ಧಿ," ಎಂದಳು. "ಆಗ್ಲಿ ಅಂತಾನೇ ಚಿವುಟ್ತಾ ಇವ್ನಿ."