ಕೆಂಪು ಕಲ್ಲಿನ ಸಾಲು

ಶುಕ್ರವಾರದ ರಜೆ ಬಂತೆಂದರೆ ಮೋನಪ್ಪ ಕಾಣೆ. ಕಜೆಟನ್ ಇಗರ್ಜಿಯಿಂದ ಮರಳುವ ಹೊತ್ತಿಗೆ ಮೋನಪ್ಪನ ಚಪ್ಪಲಿ ಮರಳು ಉದುರಿಸಿಕೊಂಡು ಬಾಗಿಲಲ್ಲಿ ಬಿದ್ದಿರುತ್ತಿತ್ತು. ಒಲೆಯ ಮೇಲೆ ಫಗ್ಗಾ ಬೇಯುತ್ತಿರುತ್ತಿತ್ತು. ಚಳಿಗಾಲದ ಮಳೆ ಚೆನ್ನಾಗಿ ಬಿದ್ದ ವರ್ಷ ಕುವೈತಿನ ಮರಳಿನಡಿ ಬೆಳೆಯುವ ಅಣಬೆ ಅದು, ಊರಿನ ಕಲ್ಲಣಬೆಯ ದೊಡ್ಡಣ್ಣ.

ಇಬ್ಬರೂ ಅರ್ದಿಯಾ ಎಂಬಲ್ಲಿನ ಒಂದೇ ಗೋದಾಮಿನವರು, ಒಂದೇ ಕೋಣೆಯವರು. ಮರುಭೂಮಿಗೆ ಬೇಲಿಯಿಲ್ಲ, ಯಾರು ಬೇಕಾದರೂ ಹೋಗಬಹುದು. ಆದರೂ ಮೋನಪ್ಪ ಬಾಯಿ ಬಿಡ.

"ಎಲ್ಲಿ ಸಿಗ್ತದೆ ಮಾರಾಯಾ?"

"ಮರಳಲ್ಲಿ, ಪೊರ್ಬುಗಳೇ." ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆಯೇ ಇಲ್ಲೂ ಕರೆಯುತ್ತಿದ್ದ ಮೋನಪ್ಪ.

"ಅದು ನನಗೂ ಗೊತ್ತುಂಟು. ಯಾವ ಮರಳಲ್ಲಿ?"

"ಅಣಬೆ ಏಳುವ ಜಾಗ ಹೆತ್ತಮ್ಮನಿಗೂ ಹೇಳುವ ಕ್ರಮ ಇಲ್ಲ ನಮ್ಮಲ್ಲಿ. ಸುಮ್ಮನೆ ತಿನ್ನಿ."

ತಿನ್ನುವಾಗಲೂ ಕಜೆಟನ್‌ಗೆ ಅನುಮಾನ. ತನಗೆ ಬಡಿಸಿದ್ದೆಲ್ಲ ಸಣ್ಣವು. ದೊಡ್ಡವು ಎಲ್ಲಿ ಹೋದವು?

ಮುಂದಿನ ಶುಕ್ರವಾರ ಬಲಿಪೂಜೆ ತಪ್ಪಿಸಿ, ಟ್ಯಾಕ್ಸಿಯಲ್ಲಿ ಜಹ್ರಾ ಪಟ್ಟಣ ದಾಟಿ, ಮೋನಪ್ಪನ ಬೆನ್ನು ಹಿಡಿದ. ಅವನ ಗಾಡಿ ದಿಬ್ಬದ ಬುಡದಲ್ಲಿ ನಿಂತಿತ್ತು. ಚಪ್ಪಲಿ ಗುರುತು ನೀರಿಲ್ಲದ ಹೊಳೆಗೆ ಇಳಿದಿತ್ತು. ಮಳೆ ಬಂದ ದಿನ ಹರಿದು, ಮರುದಿನ ಹರಿದದ್ದನ್ನೇ ಮರೆಯುವ ಹೊಳೆ. ತಗ್ಗಿನಲ್ಲಿ ಕೆಂಪು ಬಳಿದ ಕಲ್ಲುಗಳ ಸಾಲು.

ಓಹೋ, ದೇವರ ನೆಲಕ್ಕೂ ಬೇಲಿ ಹಾಕಿದ್ದಾನೆ ಪುಣ್ಯಾತ್ಮ!

ಸಾಲು ದಾಟಿದ. ಹತ್ತು ಮಾರು ಆಚೆ, ಅಡಿಯಲ್ಲಿ ಅಣಬೆ ಇರುವ ಹಾಗೆ, ಮರಳು ಉಬ್ಬಿ ಬಿರುಕು ಬಿಟ್ಟಿತ್ತು. ಬಗ್ಗಿ ಕೈ ಚಾಚಿದ.

"ಮುಟ್ಬೇಡಿ!" ದಿಬ್ಬದ ಮೇಲಿಂದ ಮೋನಪ್ಪ ಕೂಗಿದ.

"ಯಾಕೆ, ನಿನ್ನಪ್ಪನ ಗದ್ದೆಯಾ?"

"ಯುದ್ಧದ ಕಾಲದ ಮೈನ್ ಬಾಂಬು ಉಂಟು ಅಲ್ಲಿ! ಕಲ್ಲು ಇಟ್ಟದ್ದು ಕುರಿ ಕಾಯುವವ. ಅವನ ಕುರಿ ಅಲ್ಲೇ ಸಿಡಿದು ಸತ್ತದ್ದು!"

ಕಜೆಟನ್‌ನ ಬೆರಳು ಉಬ್ಬಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಸುಳ್ಳಿರಬಹುದು. ಅಣಬೆಗಾಗಿ ಇವನು ಎಂಥ ಸುಳ್ಳನ್ನೂ ಹೇಳಿಯಾನು. ಕತ್ತು ಮಾತ್ರ ತಿರುಗಿಸಿ ಮರಳನ್ನು ನೋಡಿದ. ಮೋನಪ್ಪನ ಹೆಜ್ಜೆಗಳು ಕಲ್ಲಿನವರೆಗೆ ಬಂದು, ಹೊರಳಿ, ಸಾಲಿನ ಹೊರಗಿನಿಂದಲೇ ಸುತ್ತು ಬಳಸಿ ಹೋಗಿದ್ದವು. ಒಳಗೆ ಇದ್ದದ್ದು ಒಬ್ಬನ ಹೆಜ್ಜೆ ಮಾತ್ರ, ತನ್ನದೇ.

ತಪ್ಪಿಸಿದ ಪೂಜೆ ನೆನಪಾಯಿತು. ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಡುತ್ತ, ಒಂದೊಂದಕ್ಕೂ ಒಂದೊಂದು ನಮಾನ್ ಮರಿಯೆ ಪ್ರಾರ್ಥನೆ ಹೇಳುತ್ತ ಹಿಂದಕ್ಕೆ ಬಂದ. ಕಲ್ಲು ದಾಟಿದ ಮೇಲೆ ಅಲ್ಲೇ ಕೂತ. ಮೋನಪ್ಪ ಓಡಿ ಬಂದು ಭುಜ ಹಿಡಿದ.

"ಮೊದಲೇ ಹೇಳಬಾರದಿತ್ತಾ ನಿನಗೆ?"

"ಹೇಳಿದ್ರೆ ಜಾಗ ತೋರಿಸಿಕೊಟ್ಟ ಹಾಗೇ ಆಗ್ತಿತ್ತಲ್ಲ, ಪೊರ್ಬುಗಳೇ," ಎಂದ ಮೋನಪ್ಪ, ತುಂಬಿದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸುತ್ತ.