ಎದುರಿಗೊಂದು ಮುಖ

“ನಿಲ್ಸು, ನಿಲ್ಸು! ಅಲ್ಲೇ ಇದಾನೆ ಅಣ್ಣ!” ಎಂದು ಚಿಕ್ಕಪ್ಪ ಕೂಗಿದರು.

ಮಗಳು ರಿಮೋಟ್ ಒತ್ತಿದಳು. ಕಲಾವಿದರ ಸಂಘದ ದೊಡ್ಡ ಟೀವಿಯಲ್ಲಿ ನಾಯಕನೊಬ್ಬ ಬಾಯಿ ಅಗಲಿಸಿ ನಗುತ್ತ ಹಾಗೇ ನಿಂತುಬಿಟ್ಟ. ಅವನ ಎದುರು, ಪರದೆಯ ಮೂಲೆಯಲ್ಲಿ, ಒಂದು ಕಿವಿ ಮತ್ತು ಕರಿಕೋಟು ತೊಟ್ಟ ಒಂದು ಹೆಗಲು.

“ಅದು ಕಿವಿ, ಚಿಕ್ಕಪ್ಪ.”

“ಕಿವಿಯಾದ್ರೇನಮ್ಮ, ಅಣ್ಣಂದೇ ಅಲ್ವಾ? ನಮ್ಮಣ್ಣನ ಬೆನ್ನು ನೋಡದೇ ಇರೋರು ಈ ಊರಲ್ಲೇ ಇಲ್ಲ.”

ಅಪ್ಪ ಸಭಾಂಗಣದ ನಡುವೆ ಹೂವಿನ ಕೆಳಗೆ ಮಲಗಿದ್ದರು. ಸಂಜೆ ವಾಹನ ಬರುವುದಿತ್ತು. ಅದಕ್ಕೆ ಮುಂಚೆ, ಹೋದವರು ನಟಿಸಿದ ಒಂದು ದೃಶ್ಯ ತೋರಿಸಿ, ಮನೆಯವರು ಯಾರಾದರೂ ಎರಡು ಮಾತಾಡುವುದು ಸಂಘದಲ್ಲಿ ನಡೆದುಬಂದ ರೂಢಿ. ಎರಡೂ ಕೆಲಸ ಮಗಳ ಕುತ್ತಿಗೆಗೆ ಬಿದ್ದಿದ್ದವು. ಮಾತಿನ ವಿಷಯ ಆಮೇಲೆ ನೋಡಿಕೊಳ್ಳೋಣವೆಂದರೆ, ಮೊದಲನೆಯದೇ ಮುಗಿಯುತ್ತಿಲ್ಲ. ಜೀವಮಾನವಿಡೀ ನಟಿಸಿದ ಮನುಷ್ಯನ ಮುಖ ಒಂದು ಗಳಿಗೆಯಾದರೂ ಸಿಗಬಾರದೇ?

“ಜಡ್ಜ್ ಆಗಿದ್ದು ಒಂದಿತ್ತಲ್ಲೇ,” ಎಂದರು ಅಮ್ಮ. “ಮುಖ ಚೆನ್ನಾಗಿ ಕಾಣ್ತಿತ್ತು.”

“ಅದ್ರಲ್ಲಿ ಗಡ್ಡ ಅಂಟಿಸಿದಾರಮ್ಮ.”

“ಹೌದಾ? ಹಾಗಾದ್ರೆ ನಾನು ನೋಡಿದ್ದು ಗಡ್ಡಾನೇ ಇರ್ಬೇಕು.” ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ವಕೀಲ, ಡಾಕ್ಟರು, ಬ್ಯಾಂಕ್ ಮ್ಯಾನೇಜರು. ಯಾವುದಾದರೇನು, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತು ನಾಯಕನ ಮಾತು ಕೇಳಿಸಿಕೊಳ್ಳುವುದು ಅಪ್ಪನ ಕೆಲಸ. ಕೇಳುವವನ ಮುಖ ಯಾರಿಗೆ ಬೇಕು? ಕರಿಕೋಟು ಸದಾ ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿತ್ತು. ಫೋನ್ ಬಂದರೆ “ಎಷ್ಟೊತ್ತಿಗೆ ಬರ್ಲಿ?” ಎನ್ನುತ್ತಿದ್ದರೇ ಹೊರತು “ಏನು ಪಾತ್ರ?” ಎಂದು ಕೇಳಿದವರಲ್ಲ. ಅವರಿಗಿಂತ ಅಂದಗಾರರು, ಒಳ್ಳೆಯ ಕಂಠವಿದ್ದವರು ಕೆಲಸವಿಲ್ಲದೆ ಮನೆಯಲ್ಲಿ ನೊಣ ಹೊಡೆಯುತ್ತಿದ್ದಾಗಲೂ ಅಪ್ಪನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಯಾಕೆಂದು ಮಗಳಿಗೆ ಗೊತ್ತಿರಲಿಲ್ಲ. ಅಪ್ಪನ ಕೆಲಸದ ಬಗ್ಗೆ ಕೇಳುವುದನ್ನು ಅವಳು ಚಿಕ್ಕಂದಿನಲ್ಲೇ ಬಿಟ್ಟಿದ್ದಳು.

*

ಆಗ ಅವಳು ಆರನೇ ಕ್ಲಾಸು. ಶಾಲೆಯ ನಾಟಕದಲ್ಲಿ ಎರಡು ಸಾಲಿನ ಪಾತ್ರ. ಆ ಎರಡು ಸಾಲನ್ನು ಅಪ್ಪ ಊಟಕ್ಕೆ ಕೂತಾಗ, ಜಡೆ ಹೆಣೆಯುವಾಗ, ಬಸ್ಸಿಗೆ ಕಾಯುವಾಗ ಹೇಳಿಸಿದ್ದರು.

“ಅಷ್ಟೂ ಜನರನ್ನ ನೋಡಿದ್ರೆ ಹೆದರಿಕೆ ಆಗತ್ತೆ ಮಗಳೇ. ಒಂದೇ ಒಂದು ಮುಖ ನೋಡ್ಕೊಂಡು ಹೇಳು. ಮುಂದಿನ ಸಾಲು, ನಿನ್ನ ಬಲಗೈ ಕಡೆ ಕೊನೇ ಕುರ್ಚಿ. ಅಲ್ಲಿ ನಾನು ಕೂತಿರ್ತೀನಿ.”

ಆ ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು. ಮೊದಲ ಸಾಲು ಹೇಗೋ ಬಂತು. ಎರಡನೆಯದು ಗಂಟಲಲ್ಲೇ ಉಳಿಯಿತು. ಪರದೆಯ ಹಿಂದಿನಿಂದ ಟೀಚರು ಹೇಳಿಕೊಟ್ಟರು, ಜನ ನಕ್ಕರು.

ಅಪ್ಪ ಮನೆಗೆ ಬರುವಾಗ ದೀಪ ಹಚ್ಚಿಯಾಗಿತ್ತು. “ನಿಮ್ಮ ಕೆಲಸ ಮಧ್ಯಾಹ್ನಾನೇ ಮುಗೀತಂತೆ. ಚಿಕ್ಕಪ್ಪ ಹೇಳಿದ್ರು. ಮತ್ಯಾಕೆ ಬರ್ಲಿಲ್ಲ?”

ಅಪ್ಪ ಕೋಟು ತೂಗುಹಾಕುತ್ತ, “ಅಲ್ಲೊಂದು ಹೊಸ ಹುಡುಗಿ ಕಣೇ. ಅವಳಿಗೆ ನೋಡೋಕೆ ಯಾರೂ ಇರ್ಲಿಲ್ಲ,” ಎಂದರು.

“ನಂಗೂ ಇರ್ಲಿಲ್ಲ.”

ಅಪ್ಪ ಕೋಟಿನ ಸುಕ್ಕು ನೇವರಿಸಿದರು. ಮಗಳು ಆಮೇಲೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

*

ಜನ ಸೇರತೊಡಗಿದ ಹೊತ್ತಿಗೆ ಹಳೆಯ ನಾಯಕಿ ಬಂದರು. ಒಂದು ಕಾಲದಲ್ಲಿ ಊರಿಗೆ ಊರನ್ನೇ ಅಳಿಸಿದವರು, ಈಗ ಧಾರಾವಾಹಿಗಳಲ್ಲಿ ಅಜ್ಜಿ. ಅಪ್ಪನ ಪಾದ ಮುಟ್ಟಿ, ಮಗಳ ಒದ್ದಾಟವನ್ನು ಸ್ವಲ್ಪ ಹೊತ್ತು ನೋಡಿದರು.

“ನನ್ನ ಮೊದಲ್ನೇ ಸಿನಿಮಾ ಹಾಕಮ್ಮ. ಆಸ್ಪತ್ರೆ ಸೀನು.”

“ಅದ್ರಲ್ಲಿ ಅಪ್ಪ ಇಲ್ವಲ್ಲ ಮೇಡಂ?”

“ಇದಾರೆ. ಹಾಕು.”

ಪರದೆಯ ತುಂಬ ಹದಿಹರೆಯದ ಒಂದು ಮುಖ. ಸಾಯುತ್ತಿರುವ ತಂದೆಯನ್ನು ನೋಡುತ್ತ ತುಟಿ ಕಚ್ಚಿ ಅಳು ತಡೆಯುತ್ತಿದೆ. ತಂದೆ ಕಾಣುವುದಿಲ್ಲ.

“ತಂದೆ ಪಾತ್ರದೋರು ದೊಡ್ಡ ನಟರು. ತಮ್ಮ ಶಾಟ್ ಮುಗೀತಿದ್ದ ಹಾಗೇ ಕಾರು ಹತ್ತಿ ಹೋದ್ರು. ನಾನು ಗೋಡೆ ನೋಡ್ಕೊಂಡು ಅಳ್ಬೇಕಿತ್ತು. ಕಣ್ಣೀರೇ ಬರಲ್ಲ, ಡೈರೆಕ್ಟರ್ ಬಾಯಿಗೆ ಬಂದಂಗೆ ಬೈತಿದಾರೆ. ನಿಮ್ಮಪ್ಪ ಕಾಂಪೌಂಡರ್ ಪಾತ್ರ ಮುಗಿಸಿ ಹೊರಟಿದ್ರು. ಮಗಳ ನಾಟಕ ಇದೆ ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದ್ರು. ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಕ್ಯಾಮೆರಾ ಪಕ್ಕ ಕೂತು ತಂದೆ ಮಾತೆಲ್ಲ ತಾವೇ ಹೇಳಿದ್ರು. ಪ್ರತಿ ಸಲಾನೂ ಅತ್ರು. ಅವರ ಮೇಲೆ ಲೈಟೂ ಇಲ್ಲ, ಕ್ಯಾಮೆರಾನೂ ಇಲ್ಲ. ಅವತ್ತಿಂದ ನಾನು, ಅವರನ್ನ ಕರೆಸಿದ್ರೇನೇ ಬರ್ತೀನಿ ಅಂತಿದ್ದೆ. ಆಮೇಲೆ ಎಲ್ರೂ ಹಾಗೇ ಕೇಳೋಕೆ ಶುರು ಮಾಡಿದ್ರು.”

ಮಗಳಿಗೆ ಹೊಟ್ಟೆ ಉರಿಯಿತು. ಪರದೆಯ ಮೇಲಿನ ಆ ಹುಡುಗಿ ನೋಡುತ್ತಿದ್ದುದು ತನಗೆ ಸಿಗಬೇಕಿದ್ದ ಮುಖ. ಅದನ್ನು ನೋಡಿಕೊಂಡೇ ಅವಳು ದೊಡ್ಡ ನಟಿಯಾದಳು. ಆದರೂ ಆ ಕಣ್ಣುಗಳಿಂದ ದೃಷ್ಟಿ ಕೀಳಲು ಮಗಳಿಗೆ ಆಗಲಿಲ್ಲ.

“ಎಲ್ಲಿ ಕೂತಿದ್ರು?”

ನಾಯಕಿ ಪರದೆಯ ಕಣ್ಣುಗಳು ನೋಡುತ್ತಿದ್ದ ದಿಕ್ಕು ಹಿಡಿದು ನಾಲ್ಕು ಹೆಜ್ಜೆ ನಡೆದು, ಮುಂದಿನ ಸಾಲಿನ ತುದಿಯ ಕುರ್ಚಿಯ ಮೇಲೆ ಕೈಯಿಟ್ಟರು. “ಸುಮಾರಾಗಿ ಇಲ್ಲಿ.”

ಮಗಳು ಅಪ್ಪನ ತಲೆಯ ಬಳಿ ಇಟ್ಟಿದ್ದ ಫೋಟೋ ಎತ್ತಿಕೊಂಡು ಬಂದು ಆ ಕುರ್ಚಿಯ ಮೇಲೆ, ಪರದೆಯ ಕಡೆಗೆ ಮುಖ ಮಾಡಿ ಇಟ್ಟಳು.

“ಅಯ್ಯೋ, ತಿರುಗಿಸಿ ಇಡಮ್ಮ!” ಚಿಕ್ಕಪ್ಪ ಓಡಿ ಬಂದರು. “ಇವತ್ತಾದ್ರೂ ಜನ ಅವನ ಮುಖ ನೋಡೋದು ಬೇಡ್ವಾ?”

“ಇರ್ಲಿ ಬಿಡಿ ಚಿಕ್ಕಪ್ಪ.”

ದೀಪ ಆರಿಸಿ ದೃಶ್ಯ ಹಾಕಿದರು. ಎಳೆಯ ನಾಯಕಿ ಮುಂದಿನ ಸಾಲಿನ ತುದಿಯನ್ನು ನೋಡಿ ಅತ್ತಳು. ಮತ್ತೆ ದೀಪ ಹತ್ತಿತು. ಯಾರೋ ಮೈಕ್ ತಂದು ಮಗಳ ಕೈಗಿತ್ತರು.

ಅವಳು ಟೀವಿಯ ಪಕ್ಕ ಹೋಗಿ ನಿಂತಳು. ಗೋಡೆಯವರೆಗೂ ಜನ. ಆಗ ಅವಳು ಬಲಗಡೆಗೆ, ಮುಂದಿನ ಸಾಲಿನ ಕೊನೆಯ ಕುರ್ಚಿಗೆ ಕಣ್ಣು ಹಾಯಿಸಿದಳು. ಸೇರಿದವರಿಗೆ ಕಾಣುತ್ತಿದ್ದುದು ಫೋಟೋದ ಹಿಂಬದಿಯ ರಟ್ಟು, ತೂಗುಹಾಕುವ ದಾರ. ಮುಖ ಕಾಣುತ್ತಿದ್ದುದು ಅವಳೊಬ್ಬಳಿಗೇ.