ಡೇರೆ ಹೂವಿನ ಹಿಂದಣ ಕಪ್ಪು

ಮೊಳೆ ಹೊಡೆಯುವ ಸದ್ದು ಕೇಳಿದಾಗ ರಾಜೇಶ್ವರಮ್ಮ ಹಿತ್ತಲಿನ ಬಾವಿಯಿಂದ ಕೊಡ ಎತ್ತುತ್ತಿದ್ದಳು. ಮೊದಲು ಅದಕ್ಕೆ ಕಿವಿಗೊಡಲಿಲ್ಲ. ಮನೆಗೆ ಡಬ್ಬಿ ಕ್ಯಾಮೆರಾ ಬಂದಾಗಿನಿಂದ ಗಂಡ ಪಂಚಾಕ್ಷರಪ್ಪ ಗೋಡೆಗೆ ಏನಾದರೊಂದು ಬಡಿಯುತ್ತಲೇ ಇದ್ದ.

ಶಿಕಾರಿಪುರದ ಪೇಟೆಯಲ್ಲಿ ಬೆಲ್ಲ, ಎಣ್ಣೆ ಮಾರುವ ಮನುಷ್ಯನಿಗೆ ಹೂವಿನ ಹುಚ್ಚು ಹಿಡಿದಿತ್ತು. "ಹೂವು ಸಂಜಿಗೆ ಬಾಡ್ತೈತಿ, ಚಿತ್ರ ಬಾಡಲ್ಲ ಕಣೇ" ಎನ್ನುತ್ತಿದ್ದ. ಹೆಂಡತಿ ಬೆಳೆಸಿದ ಬಿಳಿ ಡೇರೆಯನ್ನು ಮೊದಲು ಸುಣ್ಣದ ಗೋಡೆಯ ಮುಂದಿಟ್ಟು ತೆಗೆದ. ಶಿವಮೊಗ್ಗೆಯಲ್ಲಿ ತೊಳೆಸಿ ತಂದ ಚಿತ್ರದಲ್ಲಿ ಹೂವು ಹಾಲಿಗೆ ಬಿದ್ದ ಅವಲಕ್ಕಿಯಂತಿತ್ತು. ಹಿಂದೆ ಕಪ್ಪಿರಬೇಕು ಎಂದು ಅಲ್ಲಿನ ಸ್ಟುಡಿಯೋದವರು ಹೇಳಿಕೊಟ್ಟರು. ಮಖಮಲ್ಲಿನ ದರ ಕೇಳಿಯೇ ಇವನು ಅಂಗಡಿಯಿಂದ ಇಳಿದುಬಂದ. ಹಳೆಯ ಕೊಡೆಯ ಬಟ್ಟೆ ಬಿಸಿಲಿಗೆ ಮಿಂಚಿತು. ರೊಟ್ಟಿ ಹಂಚಿನ ಬೆನ್ನಿಗೆ ಹೂವಿಟ್ಟರೆ ನೋಡಿದವರೆಲ್ಲ ರೊಟ್ಟಿ ಚೆನ್ನಾಗಿ ಉಬ್ಬಿದೆ ಎಂದರು.

ಕೊಡ ಇಳಿಸಿ ಪಡಸಾಲೆಗೆ ಬಂದ ರಾಜೇಶ್ವರಮ್ಮ ಬಾಗಿಲಲ್ಲೇ ನಿಂತಳು. ಕಿಟಕಿಯ ಎದುರಿನ ಗೋಡೆಗೆ ಕರಿ ಕಂಬಳಿಯೊಂದನ್ನು ನಾಲ್ಕು ಮೂಲೆಗೂ ಮೊಳೆ ಹೊಡೆದು ಬಿಗಿದಾಗಿತ್ತು. ಅದರ ಮುಂದೆ ಚೊಂಬಿನಲ್ಲಿ ಡೇರೆ. ಪಂಚಾಕ್ಷರಪ್ಪ ಬಗ್ಗಿ ಡಬ್ಬಿಯೊಳಗೆ ಇಣುಕುತ್ತಿದ್ದ.

"ನೋಡಿಲ್ಲಿ, ಎಂಥಾ ಕಪ್ಪು ಸಿಕ್ಕೈತಿ. ಬಣ್ಣ ಹಾಕಿದ್ದಲ್ಲ, ಕುರಿ ಹುಟ್ಟುತ್ಲೇ ತಂದ ಕಪ್ಪು. ಬೆಳಕೆಲ್ಲ ಕುಡ್ಕೊಂಡು ಸುಮ್ನೆ ಕೂತೈತಿ. ಕಾಸಿಲ್ಲದ ಮಖಮಲ್ಲು."

"ಅದು ಹೂವಕ್ಕನ ಕಂಬಳಿ."

"ಇರಲಿ. ನಾನೇನು ತಿಂದ್ಹಾಕ್ತೀನಾ?"

"ಮೀಸಲು ಕಂಬಳಿರೀ ಅದು."

ಅಂಜನಾಪುರದ ಹತ್ತಿರ ಕುರಿ ಸಾಕಿಕೊಂಡಿದ್ದ ಹೂವಮ್ಮ ಬೆಳಿಗ್ಗೆ ತವರಿನಿಂದ ಸೊರಬದ ಬಸ್ಸಿನಲ್ಲಿ ಬಂದಿಳಿದು ನೇರ ಇಲ್ಲಿಗೆ ಬಂದಿದ್ದಳು. ಆನವಟ್ಟಿಯ ಅಣ್ಣ ಉಚ್ಚಂಗಪ್ಪ ನೇಯ್ದುಕೊಟ್ಟ ಕಂಬಳಿ ಅವಳ ತಲೆಯ ಮೇಲಿತ್ತು. ಕರಿ ಮರಿಗಳ ಮೊದಲ ಕತ್ತರಿಯ ಉಣ್ಣೆ, ನೂತದ್ದು ಅವಳೇ. ದೀಪಾವಳಿ ಪಾಡ್ಯಕ್ಕೆ ಬೀರದೇವರು ಅದರ ಮೇಲೆ ಕೂರಬೇಕು. ದೇವರು ಕೂರುವ ಮುನ್ನ ಅದನ್ನು ಯಾರೂ ಹಾಸುವಂತಿಲ್ಲ, ಹೊದೆಯುವಂತಿಲ್ಲ, ಯಾವ ಕೆಲಸಕ್ಕೂ ಬಳಸುವಂತಿಲ್ಲ. ದೇವರಿಗೆಂದು ಮನಸ್ಸಿನಲ್ಲಿ ಎತ್ತಿಟ್ಟದ್ದು ಆ ಗಳಿಗೆಯಿಂದಲೇ ದೇವರದು. ಅಲ್ಲಿಂದ ಗುಡಿಯ ತನಕ ಹೊರುವವರು ಬರೀ ಹೊರುವವರು. ಸಂತೆಯ ನೂಕುನುಗ್ಗಲಿಗೆ ಅದನ್ನು ಒಯ್ಯಲಾರದೆ ಹೂವಮ್ಮ ರಾಜೇಶ್ವರಮ್ಮನ ಕೈಗೆ ಕೊಟ್ಟು ಹೋಗಿದ್ದಳು.

"ಹೂವು ತಾನೆ ಇಟ್ಟದ್ದು? ಪೂಜೆ ಆತು ಅಂದ್ಕೋ," ಎಂದ ಪಂಚಾಕ್ಷರಪ್ಪ.

"ಹೂವು ದೇವರಿಗಿಟ್ರೋ, ಡಬ್ಬಿಗಿಟ್ರೋ?"

"ತೆಗೆದು ಮಡಚಿ ಇಡ್ತೀನಿ ಬಿಡು. ಕಂಬಳ್ಯಾಗ ಮೊಳೆ ತೂತು ಯಾರಿಗೆ ಕಾಣ್ತೈತಿ?"

ರಾಜೇಶ್ವರಮ್ಮನಿಗೆ ಮೈಯೆಲ್ಲ ಉರಿಯಿತು. ದನಿ ಮಾತ್ರ ಏರಲಿಲ್ಲ. "ನಾಳೆ ನನ್ನ ಲಿಂಗದ ಕರಡಿಗ್ಯಾಗ ನಶ್ಯ ತುಂಬಿಟ್ಕೊಂಡು, ಒರೆಸಿ ಕೊಡ್ತೀರೇನು?"

"ಅದೂ ಇದೂ ಒಂದೇನೇ?"

"ಅದನ್ನೇ ನಾನೂ ಕೇಳ್ತಿರೋದು."

ಅವನು ಗೊಣಗುತ್ತ ಮೊಳೆ ಕಿತ್ತ. ಹೂವಮ್ಮ ಸಂತೆ ಮುಗಿಸಿ ಬರುವಷ್ಟರಲ್ಲಿ ಕಂಬಳಿ ಮಡಿಕೆಯಾಗಿ ಮಣೆಯ ಮೇಲಿತ್ತು. ಸುಮ್ಮನಿರು ಎಂದು ಪಂಚಾಕ್ಷರಪ್ಪ ಕಣ್ಣಿನಲ್ಲೇ ಹೆಂಡತಿಗೆ ಹೇಳಿದ. ರಾಜೇಶ್ವರಮ್ಮ ಒಮ್ಮೆ ಕಂಬಳಿ ನೋಡಿದಳು, ಒಮ್ಮೆ ಹೂವಮ್ಮನ ಬಿಸಿಲು ಕುಡಿದ ಮುಖ ನೋಡಿದಳು. ಸುಳ್ಳನ್ನು ಅವಳ ತಲೆಯ ಮೇಲೆ ಹೊರಿಸಿ ದೇವರ ಮುಂದಕ್ಕೆ ಕಳಿಸುವುದೆ?

"ಹೂವಕ್ಕ, ಕಂಬಳಿ ಮೀಸಲು ಮುರೀತು," ಎಂದು ನಡೆದದ್ದನ್ನು ಹೇಳಿದಳು.

ಹೂವಮ್ಮ ಕೂಗಾಡಲಿಲ್ಲ. ಮೂಲೆಗಳನ್ನು ಬಿಡಿಸಿ, ತೂತುಗಳ ಮೇಲೆ ಬೆರಳಾಡಿಸಿದಳು.

"ನಮ್ಮ ದೇವರು ಕುರಿ ಹಿಂದೆ ತಿರುಗೋನು, ಏನು ಹಾಸಿದ್ರೂ ಕುಂದ್ರತಾನ ಅಂದ್ಕೊಂಡ್ರೇನು ಅಣ್ಣಾರ?"

"ಹಂಗಲ್ಲವ್ವ. ಬೆಲೆ ಹೇಳು, ನಾನೇ ಇಟ್ಕೊಳ್ತೀನಿ."

"ಮಾರೋ ಕಂಬಳಿ ಹೋದ ಸಂತ್ಯಾಗೇ ಮಾರಿದೆ. ಇದಕ್ಕ ಬೆಲೆ ಕೇಳಬ್ಯಾಡ್ರಿ, ನನ್ನ ಬಾಯಾಗ ಏನಾರ ಬಂದಾತು." ಆಮೇಲೆ ರಾಜೇಶ್ವರಮ್ಮನ ಕಡೆ ತಿರುಗಿದಳು. "ನಿಮ್ಮ ಕೈಯಾಗ ಕೊಟ್ಟಿದ್ನಲ್ಲ ಅಕ್ಕಾರ."

ರಾಜೇಶ್ವರಮ್ಮ ಹೂವಮ್ಮನ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಹೌದು, ನನ್ನ ಕೈಯಾಗೇ ಕೊಟ್ಟಿದ್ದಿ," ಎಂದಳು. "ಪಾಡ್ಯದೊಳಗ ಇನ್ನೊಂದು ಆಗಾಕಿಲ್ಲೇನು?"

"ಕತ್ತರಿ ಕಾಣದ ಮರಿ ಇನ್ನೂ ಅದಾವ. ನೇಯಾಕ ಅಣ್ಣ ಬಂದಾನು. ಆದ್ರ ಹಿಂಜಬೇಕು, ನೂಲಬೇಕು. ಉಣ್ಣೆ ಐತಿ, ಕೈ ಸಾಲವು."

"ಹಿಂಜೋದು ಕಲಿಸ್ತೀಯೇನು?"

ಹೂವಮ್ಮ ಅವಳ ಬಳೆ ತುಂಬಿದ ಕೈಗಳನ್ನು ನೋಡಿದಳು. "ಉಣ್ಣ್ಯಾಗಿನ ಮುಳ್ಳು ಚುಚ್ಚತಾವ. ಜಿಡ್ಡು ಮೂರು ದಿನ ಹೋಗಾಕಿಲ್ಲ."

"ಚುಚ್ಚಲಿ."

ಮರುದಿನ ಪೂಜೆ ಮುಗಿಸಿ ರಾಜೇಶ್ವರಮ್ಮ ರೊಟ್ಟಿಯ ಗಂಟು ಹಿಡಿದು ಹೊರಟಾಗ ಪಂಚಾಕ್ಷರಪ್ಪ ಬಾಗಿಲಿಗೆ ಅಡ್ಡ ಬಂದ. "ಅಂಗಡಿ ಸಾಹುಕಾರನ ಹೆಂಡ್ತಿ ಕುರಿ ಹಟ್ಟಿ ಮುಂದ ಕೂತು ಉಣ್ಣೆ ಹಿಂಜಿದ್ಲು ಅಂತ ಪ್ಯಾಟ್ಯೆಲ್ಲ ಆಡ್ಕೊಳ್ತೈತಿ."

"ಆಡ್ಕೊಳ್ಳಲಿ. ಯಾಕ ಅಂತ ಕೇಳಿದೋರಿಗೆ ನೀವೇ ಹೇಳ್ರಿ."

ಹೂವಮ್ಮನ ಅಂಗಳದಲ್ಲಿ, ಬೆಳಗಾಗುತ್ತಲೇ ಮರಿಗಳಿಂದ ಕತ್ತರಿಸಿದ ಉಣ್ಣೆಯ ಸುತ್ತ, ಆಗಲೇ ಓಣಿಯ ಹೆಂಗಸರು ಸೇರಿದ್ದರು. ಯಾರೂ ರಾಜೇಶ್ವರಮ್ಮನಿಗೆ ಮಣೆ ಹಾಕಲಿಲ್ಲ. ಮುದುಕಿ ಮೂಕಮ್ಮ ಸ್ವಲ್ಪ ಸರಿದು ಜಾಗ ಮಾಡಿದಳು. "ಹಿಂಗ ಎಳದ್ರ ಹರಿತೈತವ್ವ, ಕೂಸಿನ ಕೂದಲು ಬಿಡಿಸಿದಂಗ ಬಿಡಿಸು," ಎಂದು ತೋರಿಸಿದಳು. "ಪ್ಯಾಟಿ ಕೈ, ಬೆಲ್ಲ ಮುರದಂಗ ಮುರೀತಾಳ," ಎಂದು ಒಬ್ಬಳು ನಕ್ಕಳು. ಹೂವಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಇನ್ನೊಂದು ಹಿಡಿ ಉಣ್ಣೆ ತಂದು ರಾಜೇಶ್ವರಮ್ಮನ ಮುಂದೆ ಸುರಿದಳು.

ಸಂಜೆ ಕಾಲುವೆ ಏರಿಯ ಮೇಲೆ ಸೈಕಲ್ಲಿನ ಗಂಟೆ ಕೇಳಿಸಿತು. ಹೆಂಡತಿಯನ್ನು ಕರೆದೊಯ್ಯಲು ಬಂದ ಪಂಚಾಕ್ಷರಪ್ಪ ಅಲ್ಲೇ ಒಂದು ಕಾಲೂರಿ ನಿಂತಿದ್ದ, ಅಂಗಳಕ್ಕೆ ಇಳಿಯಲಿಲ್ಲ. ಗಂಟೆಯನ್ನು ಮತ್ತೊಮ್ಮೆ ಬಾರಿಸಿದ. ಹೆಂಗಸರೆಲ್ಲ ತಲೆಯೆತ್ತಿದರು. ರಾಜೇಶ್ವರಮ್ಮ ಹಿಂಜಿದ ಉಣ್ಣೆಯನ್ನು ಇಳಿಯುವ ಬೆಳಕಿಗೆ ಹಿಡಿದು ನೋಡಿದಳು. ನಡುವೆ ಸಣ್ಣದೊಂದು ಮುಳ್ಳು ಇನ್ನೂ ಉಳಿದಿತ್ತು. ಅದನ್ನು ಉಗುರಿನಿಂದ ಬಿಡಿಸತೊಡಗಿದಳು.